ಡಬ್ಬಿ ಖಾಲಿ ಬಂದ ದಿನ

ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಸ್ಟೀಲ್ ಡಬ್ಬಿ ಬೆಳಿಗ್ಗೆಯಿಂದ ಕಾಯುತ್ತಾ ಕುಳಿತಿದೆ. ಪಕ್ಕದ ಮನೆಯ ಗಿರಿಜಕ್ಕನ ಡಬ್ಬಿ. ನಿನ್ನೆ ಅದರಲ್ಲಿ ಹಲಸಿನಕಾಯಿ ಪಲ್ಯ ಬಂದಿತ್ತು. ಪಲ್ಯ ನಿನ್ನೆಯೇ ಮುಗಿಯಿತು, ಡಬ್ಬಿ ತೊಳೆದು ಒರೆಸಿಯೂ ಆಯಿತು, ಈಗ ವಾಪಸು ಕೊಡಬೇಕು. ಕಾಂಪೌಂಡ್ ಗೋಡೆಯ ಮೇಲಿಂದ ಕೈ ಚಾಚಿದರೆ ಸಾಕು, ಕೊಟ್ಟ ಹಾಗೆ. ಆದರೆ ಅದರೊಳಗೆ ಏನು ಹಾಕಿ ಕೊಡಲಿ ಎಂದು ತೋಚದೆ ಅದರ ಮುಖ ನಾನು, ನನ್ನ ಮುಖ ಅದು ನೋಡಿಕೊಂಡು ಕುಳಿತಿದ್ದೇವೆ. ಶೂನ್ಯ, ಬಯಲು, ನಿರ್ವಾಣ ಎಂಬ ದೊಡ್ಡ ದೊಡ್ಡ ಸಂಗತಿಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಡಬ್ಬಿಯಿಂದಲೇ ಗೊತ್ತಾದದ್ದು. ಹಾಗಾಗಿ ಅದು ಸ್ವಲ್ಪ ಕಾಯಲಿ, ಕಥೆ ಹೇಳಿಬಿಡುತ್ತೇನೆ.

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕೊಡುವ ಪದ್ಧತಿ ಇಲ್ಲ. ಅವರು ಪಾಯಸ ಕಳಿಸಿದರೆ ನಾವೂ ಪಾಯಸವನ್ನೇ ಕಳಿಸಬೇಕೆಂದೇನಿಲ್ಲ. ಒಂದು ತುಂಡು ಬೆಲ್ಲ, ಎರಡು ಹಸಿಮೆಣಸು, ಹಿತ್ತಲಿನ ಒಂದು ನಿಂಬೆಹಣ್ಣು, ಯಾವುದೂ ಸಿಗದಿದ್ದರೆ ಒಂದು ದಾಸವಾಳದ ಹೂವಾದರೂ ನಡೆಯುತ್ತದೆ. ಮುಚ್ಚಳ ತೆಗೆದವರಿಗೆ ಬರೀ ತಳ ಕಾಣಬಾರದು, ಅಷ್ಟೇ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯಲ್ಲಿ, ಕವಲೇದುರ್ಗದ ಗುಡ್ಡದ ಕೆಳಗೆ. ಅಲ್ಲಿ ಈ ವಿಷಯದಲ್ಲಿ ನನ್ನ ಅಜ್ಜಿಯೇ ಸುಪ್ರೀಂ ಕೋರ್ಟು. ಒಂದು ದಿನ ಮೇಲಿನಮನೆಯವರ ಹಿತ್ತಾಳೆ ತಂಬಿಗೆ ವಾಪಸು ಹೋಗಬೇಕಿತ್ತು, ನಮ್ಮಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅಜ್ಜಿ ಒಲೆಯಿಂದ ಬೂದಿ ತೆಗೆದು, ಜರಡಿ ಹಿಡಿದು, ತಂಬಿಗೆಗೆ ತುಂಬಿ, ಮೇಲೊಂದು ಬಾಳೆಲೆಯ ಚೂರು ಮುಚ್ಚಿ ನನ್ನ ಕೈಗೆ ಕೊಟ್ಟಳು. "ಪಾತ್ರೆ ತಿಕ್ಕಕ್ಕೆ ಆಗ್ತದೆ ಅಂತ ಹೇಳು," ಎಂದಳು. ಮೇಲಿನಮನೆಯ ದೊಡ್ಡಮ್ಮ ಎಲೆ ಸರಿಸಿ ನೋಡಿ, "ನಿನ್ನಜ್ಜಿ ಬೂದಿ ಎಷ್ಟು ನುಣ್ಣಗಿರ್ತದೆ ಮಾರಾಯ್ತಿ!" ಎಂದು ಸಂತೋಷದಿಂದ ಒಳಗೆ ತೆಗೆದುಕೊಂಡು ಹೋದರು. ಮರುದಿನ ಅದೇ ತಂಬಿಗೆಯ ತುಂಬ ಅಕ್ಕಿ ಬಂತು.

ಖಾಲಿ ಎಂಬ ಮಾತಿಗೇ ಆ ಮನೆಯಲ್ಲಿ ಬಾಗಿಲು ಮುಚ್ಚಿತ್ತು. ಖಾಲಿ ತೊಟ್ಟಿಲು ತೂಗುವಂತಿಲ್ಲ. ಹೊರಗೆ ಹೊರಟಾಗ ಖಾಲಿ ಕೊಡ ಎದುರಾದರೆ ಒಳಗೆ ಬಂದು ನೀರು ಕುಡಿದು ಮತ್ತೆ ಹೊರಡಬೇಕು. ದೀಪ ಆರಿಸು ಅನ್ನುವ ಹಾಗಿಲ್ಲ, ದೀಪ ದೊಡ್ಡದು ಮಾಡು ಅನ್ನಬೇಕು. ಹೋಗುವವರು ಹೋಗ್ತೀನಿ ಅನ್ನುವ ಹಾಗಿಲ್ಲ, ಬರ್ತೀನಿ ಅನ್ನಬೇಕು. ಹಾಗಂತ ಅಜ್ಜಿಗೆ ಬಯಲಿನ ಪರಿಚಯ ಇರಲಿಲ್ಲ ಅಂದುಕೊಳ್ಳಬೇಡಿ. ಗುಡ್ಡದ ಮೇಲಿನ ಹಾಳು ಕೋಟೆ ನೋಡಲು ಬಂದ ಪೇಟೆಯವರು ನಮ್ಮ ಅಂಗಳದಲ್ಲಿ ನೀರು ಕೇಳಿ ಕುಡಿದು, "ಅರಮನೆ ಎಲ್ಲಿದೆ ಅಜ್ಜೀ?" ಎಂದರೆ, "ಮೇಲೆ ಹತ್ತಿ ಹೋಗಿ, ಒಂದು ಬಯಲು ಸಿಗ್ತದೆ. ಅದೇ ಅರಮನೆ," ಎನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಹೆಚ್ಚುಕಡಿಮೆ ಇದೇ ಮಾತನ್ನು ಗುರುಗಳೊಬ್ಬರು ಮೈಕಿನಲ್ಲಿ ಹೇಳಿದ್ದನ್ನು ಕೇಳಿದೆ. ಅವರಿಗೆ ಹಾರ ಹಾಕಿದರು. ಅಜ್ಜಿಯ ಹತ್ತಿರ ಲೋಟ ವಾಪಸು ಕೊಟ್ಟು ಹೋಗುತ್ತಿದ್ದರು, ಅದೂ ಖಾಲಿ.

ಮದುವೆಯಾಗಿ ನಾನು ಬಂದದ್ದು ಜೋಗಕ್ಕೆ. ನಮ್ಮ ಮನೆಯವರಿಗೆ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಟರ್ಬೈನಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಇವರ ಗಂಟಲು ಆ ಮಟ್ಟದಲ್ಲೇ ನಿಂತುಬಿಟ್ಟಿದೆ. ನನ್ನ ಕಿವಿಯಲ್ಲಿ ಗುಟ್ಟು ಹೇಳಿದರೆ ಕಾಲೊನಿಯ ಕೊನೆಯ ಮನೆಯವರು ಮರುದಿನ ಅದಕ್ಕೆ ಉತ್ತರ ಹೇಳುತ್ತಿದ್ದರು. ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ಗಿರಿಜಕ್ಕ ಮತ್ತು ಅವಳ ಗಂಡ ನಾಗರಾಜಣ್ಣ. ನಾಗರಾಜಣ್ಣ ಮತ್ತು ಇವರು ಒಂದೇ ಪಾಳಿ. ಈ ಡಬ್ಬಿ ನಾಗರಾಜಣ್ಣನದು. ಮುಚ್ಚಳದ ಮೇಲೆ ಅವರು ಮೊಳೆಯಿಂದ ಕೊರೆದ 'ನಾ' ಎಂಬ ಅಕ್ಷರ ಇನ್ನೂ ಇದೆ. ಗಿರಿಜಕ್ಕ ಪಾಳಿಗೆ ಹೋಗುವಾಗ ಅದಕ್ಕೆ ಅವಲಕ್ಕಿ ಹಾಕಿ ಕಳಿಸಿದರೆ, ಕಾಯಿತುರಿ, ಈರುಳ್ಳಿ, ಉಪ್ಪಿನಕಾಯಿಯ ರಸ ನಮ್ಮ ಮನೆಯಿಂದ ಹೋಗುತ್ತಿತ್ತು. ಕಲಸುವ ಕೆಲಸ ಇವರದು. ಇವರಿಗೆ ಈ ಜನ್ಮದಲ್ಲಿ ಬರುವ ಅಡುಗೆ ಅದೊಂದೇ.

ಆ ಕಾಲದಲ್ಲಿ ಬೇಸಿಗೆಯಲ್ಲಿ ಜೋಗ ನೋಡಲು ಬಂದವರ ಮುಖ ನೋಡಬೇಕಿತ್ತು. ನೀರೆಲ್ಲ ಅಣೆಕಟ್ಟಿನೊಳಗೆ, ಎದುರಿಗೆ ಬರೀ ಬಂಡೆ. ದೂರದಿಂದ ಬಸ್ಸು ಮಾಡಿಕೊಂಡು ಬಂದವರು ಕಟಕಟೆ ಹಿಡಿದು ಏನೂ ಇಲ್ಲದ ಕಡೆ ತುಂಬ ಹೊತ್ತು ನೋಡಿ, ಏನೂ ಇಲ್ಲದ್ದರ ಮುಂದೆಯೇ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಶೂನ್ಯದರ್ಶನಕ್ಕೆ ಆಗಿನಿಂದಲೂ ಬೇಡಿಕೆ ಇದೆ ಅನ್ನಿ.

ನಿವೃತ್ತಿಯಾದ ಮೇಲೆ ಎರಡೂ ಮನೆಯವರು ಸಾಗರದಲ್ಲಿ ಅಕ್ಕಪಕ್ಕ ಸೈಟು ಹಿಡಿದು ಮನೆ ಕಟ್ಟಿದೆವು. ಡಬ್ಬಿಗೆ ಪಾಳಿ ತಪ್ಪಲಿಲ್ಲ. ಅದು ಈಗ ಗೋಡೆಯ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡತೊಡಗಿತು. ತೊಡೆದೇವು ಬಂದರೆ ಕಡುಬು ಹೋಯಿತು, ಕಡುಬು ಹೋದರೆ ಮಿಡಿ ಉಪ್ಪಿನಕಾಯಿ ಬಂತು. ಇಷ್ಟು ವರ್ಷದಲ್ಲಿ ಅದು ಖಾಲಿ ಬಂದದ್ದು ಒಂದೇ ಒಂದು ಸಲ.

ನಾಗರಾಜಣ್ಣ ಹೋದಾಗ. ಬೆಳಿಗ್ಗೆ ಪೇಪರು ಓದುತ್ತಾ ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರು, ಅಷ್ಟೇ. ಸೂತಕದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ಊಟ ಇದೇ ಡಬ್ಬಿಯಲ್ಲಿ ನಮ್ಮ ಮನೆಯಿಂದ ಹೋಯಿತು. ಆ ಮನೆಯಿಂದ ಹೊರಗೆ ಏನನ್ನೂ ಕೊಡುವ ಹಾಗೂ ಇಲ್ಲ. ಸಂಜೆ ಗಿರಿಜಕ್ಕ ಡಬ್ಬಿಯನ್ನು ತೊಳೆದು, ಮುಚ್ಚಳ ಹಾಕಿ, ಗೋಡೆಯ ಮೇಲಿಟ್ಟು ಒಳಗೆ ಹೋದಳು. ನಾನು ಎತ್ತಿಕೊಂಡೆ. ಹಗುರವಾಗಿತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆ ಹಗುರಕ್ಕೆ ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ. ಕರ್ಮಗಳೆಲ್ಲ ಮುಗಿದ ಮರುದಿನ ಅದರಲ್ಲಿ ಒಂದು ಅಚ್ಚು ಬೆಲ್ಲ ಬಂತು. ಖಾಲಿ ಡಬ್ಬಿ ಅಂದರೆ ಏನೆಂಬುದು ಎರಡೂ ಮನೆಯ ಹೆಂಗಸರಿಗೆ ಅವತ್ತೇ ಇತ್ಯರ್ಥವಾಯಿತು. ಗಂಡಸರ ಮಾತು ಬೇರೆ. ಡಬ್ಬಿ ಹೇಗೆ ಬರುತ್ತದೆ ಎನ್ನುವುದು ಮಾತ್ರ ಅವರಿಗೆ ಗೊತ್ತು, ಹೇಗೆ ಹೋಗುತ್ತದೆ ಎನ್ನುವುದು ಗೊತ್ತಿಲ್ಲ.

ಗೆಳೆಯ ಹೋದ ಮೇಲೆ ಇವರು ಮಂಕಾದರು. ಟರ್ಬೈನಿನ ಸದ್ದಿಲ್ಲ, ಜಗಳವಾಡಲು ನಾಗರಾಜಣ್ಣ ಇಲ್ಲ. ಫ್ಯಾನಿನ ಶಬ್ದ ಕೇಳುತ್ತಾ ಮಲಗುತ್ತಿದ್ದರು. ಆಗ ಯಾರೋ ಪರಿಚಯದವರು, ಹೊಸನಗರದ ಆಚೆ ನಗರ ಎಂಬ ಊರಿನ ಹತ್ತಿರ ಒಂದು ಶಿಬಿರ ಇದೆ, ಶೂನ್ಯ ಸಾಧನೆ ಕಲಿಸುತ್ತಾರೆ ಎಂದು ಹೇಳಿದರು. ಇವರ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂತು. ನಾನೇ, ಹೋಗಿಬನ್ನಿ ಎಂದೆ. ಶಿಬಿರದವರು ಕೊಟ್ಟ ಪಟ್ಟಿಯ ಪ್ರಕಾರ ಬಿಳಿ ಬಟ್ಟೆ, ಚಾಪೆ, ದಿಂಬು, ಹೊದಿಕೆ, ತಟ್ಟೆ, ಲೋಟ, ಟಾರ್ಚು, ಸೊಳ್ಳೆಗೆ ಹಚ್ಚುವ ಮುಲಾಮು, ನಡುವಿಗೆ ಹಾಕುವ ಬೆಲ್ಟು ಎಲ್ಲ ತುಂಬಿದೆವು. ಶೂನ್ಯಕ್ಕೆ ಹೊರಟವರ ಬ್ಯಾಗಿನ ಜಿಪ್ಪು ಎಳೆಯಲು ನಾನು ಅದರ ಮೇಲೆ ಹತ್ತಿ ಕೂರಬೇಕಾಯಿತು.

ಸಮಾರೋಪಕ್ಕೆ ಮನೆಯವರೂ ಬರಬೇಕು ಅಂದಿದ್ದರಿಂದ ನಾನೂ ಹೋಗಿದ್ದೆ. ಶಿಬಿರ ನಡೆದದ್ದು ಕಲ್ಯಾಣ ಮಂಟಪದಲ್ಲಿ. ಜನರನ್ನು ಸಂಸಾರಕ್ಕೆ ತಳ್ಳಿದ ಜಾಗದಲ್ಲೇ ಅದರಿಂದ ಎಳೆದು ಹಾಕುವ ವ್ಯವಸ್ಥೆ ಇದ್ದದ್ದು ನನಗೆ ಅನುಕೂಲವಾಗಿ ಕಂಡಿತು. ವೇದಿಕೆಯ ಮೇಲೆ ಹಿಂದಿನ ಮದುವೆಯ ಥರ್ಮೋಕೋಲ್ ಹೃದಯ ಹಾಗೇ ಉಳಿದಿತ್ತು, ಗುರುಗಳು ಅದರ ಮುಂದೆ ಕುಳಿತಿದ್ದರು. ಒಳ್ಳೆಯ ಮನುಷ್ಯರು, ಮೃದುವಾದ ಮಾತು. ಮಡಕೆ ಒಡೆದರೆ ಒಳಗಿನ ಬಯಲು ಎಲ್ಲಿಗೆ ಹೋಯಿತು ಎಂದು ಕೇಳಿದರು. ದೀಪ ನಂದಿದರೆ ಬೆಳಕು ಎಲ್ಲಿಗೆ ಹೋಯಿತು ಎಂದು ಕೇಳಿದರು. ನಂದುವುದೇ ನಿರ್ವಾಣ ಎಂದರು. ಅಜ್ಜಿ ಇದ್ದಿದ್ದರೆ, ನಂದಿತು ಅನ್ಬೇಡಿ, ದೊಡ್ಡದಾಯ್ತು ಅನ್ನಿ ಎಂದು ಅಲ್ಲೇ ತಿದ್ದುತ್ತಿದ್ದಳು. ಕೊನೆಗೆ ಎಲ್ಲರಿಗೂ ಹೋಂವರ್ಕು ಕೊಟ್ಟರು. ಬರುವ ಅಮಾವಾಸ್ಯೆಯವರೆಗೆ ಮೌನ. ಫೋನು ಬಂದ್. ಯಾರದ್ದನ್ನೂ ಇಟ್ಟುಕೊಳ್ಳಬಾರದು. ಯಾರು ಏನೇ ಕೇಳಿದರೂ ಉತ್ತರವಾಗಿ ಕಣ್ಣು ಮುಚ್ಚಿ, ಬೆರಳೆತ್ತಿ ಆಕಾಶ ತೋರಿಸುವುದು, ಯಾಕೆಂದರೆ ಎಲ್ಲ ಪ್ರಶ್ನೆಗೂ ಅದೇ ಉತ್ತರ. ಅದು ಮುಗಿದ ಮೇಲೆ ಪಾಯಸದೂಟ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಮೌನಕ್ಕೆ ಮುಂಚಿನ ಬಾಕಿ ಮಾತೆಲ್ಲ ತೀರಿಸಿದರು. ಹಿಂದಿನ ಸೀಟಿನವರಿಗೂ ಜ್ಞಾನೋದಯವಾಗುವಷ್ಟು ದೊಡ್ಡ ದನಿ.

"ನೋಡು ಸರೋಜಾ, ಟರ್ಬೈನ್ ತಿರುಗ್ತಾ ಇರ್ತದೆ, ಆದ್ರೆ ಅದ್ರ ಮೇಲೆ ಲೋಡ್ ಇರಲ್ಲ. ಹಗೂರ. ಅದೇ ನಿರ್ವಾಣ ಅಂದ್ರೆ. ನನಗೆ ಈಗ ಲೋಡೇ ಇಲ್ಲ."

"ಲೋಡ್ ಅಂದ್ರೆ ನಾನಾ?" ಎಂದೆ.

"ಎಲ್ಲ ಸೇರಿ," ಎಂದರು ಉದಾರವಾಗಿ.

ನನಗೆ ನಾಗರಾಜಣ್ಣನ ನೆನಪಾಯಿತು. ಒಮ್ಮೆ ಪಾಳಿ ಮುಗಿಸಿ ಬೆವರುತ್ತಾ ಬಂದವರು ನಮ್ಮ ಜಗುಲಿಯಲ್ಲಿ ಕುಳಿತು ಹೇಳಿದ್ದರು: ಲೋಡು ಒಮ್ಮೆಲೇ ಹೋಗಿಬಿಟ್ಟರೆ ಯಂತ್ರ ಆರಾಮಾಗಿರುವುದಿಲ್ಲ, ಹುಚ್ಚು ಹಿಡಿದ ಹಾಗೆ ತಿರುಗಲು ಶುರುಮಾಡುತ್ತದೆ, ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. "ಲೋಡ್ ಇದ್ರೇ ಮಿಷನ್ ಮರ್ಯಾದೇಲಿ ಇರೋದು ತಂಗೀ," ಎಂದಿದ್ದರು. ಇದನ್ನು ಇವರಿಗೆ ನೆನಪಿಸೋಣ ಎಂದುಕೊಳ್ಳುವಷ್ಟರಲ್ಲಿ ಸಾಗರ ಬಂತು, ಮೌನ ಶುರುವಾಯಿತು.

ಮೌನವೇನೋ ಇವರದು, ದುಡಿಮೆ ನನ್ನದು. ಉಪ್ಪು ಸಾಕಾ ಎಂದರೆ ಆಕಾಶ. ಗ್ಯಾಸ್ ಸಿಲಿಂಡರ್ ಬಂತು, ಸ್ವಲ್ಪ ಎತ್ತಿಡಿ ಎಂದರೆ ಆಕಾಶ. ಶಿಬಿರದವರ ವಾಟ್ಸ್ಯಾಪ್ ಗುಂಪಿಗೆ ನನ್ನ ನಂಬರನ್ನೂ ಸೇರಿಸಿದ್ದರು. ಫೋನು ಮುಟ್ಟಬಾರದೆಂದು ವ್ರತ ಹಿಡಿದವರಲ್ಲಿ ಅರ್ಧ ಜನ ಬೆಳಗಾಗುವ ಮುಂಚೆಯೇ ಕಮಲದ ಚಿತ್ರ, ಖಾಲಿ ದೋಣಿಯ ಚಿತ್ರ ಕಳಿಸುತ್ತಿದ್ದರು. ಶೂನ್ಯದಿಂದ ನನ್ನ ಫೋನಿನ ಮೆಮೊರಿ ತುಂಬಿ ಹೋಯಿತು. ಗಿರಿಜಕ್ಕ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಾ, "ಎಂಥ ಸರೋಜಾ, ಅಣ್ಣಂಗೆ ಸಿಕ್ತಾ?" ಎಂದು ದಿನವೂ ವಿಚಾರಿಸುತ್ತಿದ್ದಳು. "ಇನ್ನೂ ಹುಡುಕ್ತಿದಾರೆ," ಎನ್ನುತ್ತಿದ್ದೆ. "ಹೊಟ್ಟೆ ತುಂಬಿದ್ಮೇಲೆ ಹುಗ್ಗಿ ಮುಳ್ಳು ಮಾರಾಯ್ತಿ," ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗುವಷ್ಟು ದಿನ ನಕ್ಕೆ.

ಆಮೇಲೆ ನನಗೆ ಎದೆ ಉರಿ ಶುರುವಾಯಿತು. ಉರಿಯ ಜೊತೆ ಎಡಗಡೆ ಹಿಂಡಿದ ಹಾಗೆ ಆಗುತ್ತಿತ್ತು. ಒಂದು ಬೆಳಿಗ್ಗೆ ಇವರ ಎದುರಿಗೆ ಹೋಗಿ ಕುಳಿತು, "ಎದೆ ನೋವ್ತದೆ," ಎಂದೆ. ಇವರು ಕಣ್ಣು ಮುಚ್ಚಿಕೊಂಡೇ ನಸುನಕ್ಕು ಬೆರಳೆತ್ತಿ ಆಕಾಶ ತೋರಿಸಿದರು. ಎದೆ ನೋವು ಎಂದವಳಿಗೆ ಕಟ್ಟಿಕೊಂಡ ಗಂಡ ಆಕಾಶ ತೋರಿಸಿದರೆ ಹೇಗಾಗುತ್ತದೆ, ನೀವೇ ಹೇಳಿ.

ಗಿರಿಜಕ್ಕನಿಗೆ ಇದನ್ನು ತಮಾಷೆಯಾಗಿಯೇ ಹೇಳಿದೆ. ಆದರೆ ಒಳಗೆ ತಮಾಷೆ ಇರಲಿಲ್ಲ, ತುಂಬಾ ನೋವಾಗಿತ್ತು. ಇವರು ಎಲ್ಲವನ್ನೂ ಹೊರಗೆ ಹಾಕಿ ಗುಡಿಸಿಟ್ಟ ಆ ಮನಸ್ಸಿನಲ್ಲಿ ನನಗೊಂದು ಮಣೆ ಹಾಕುವಷ್ಟು ಜಾಗವಾದರೂ ಉಳಿದಿದೆಯೋ, ಅಥವಾ ಹಳೆ ಪೇಪರಿನ ಜೊತೆ ನಾನೂ ಹೋದೆನೋ? ನನಗೆ ತಿಳಿಯಬೇಕಾಗಿದ್ದದ್ದು ಇದೊಂದೇ. ನಿರ್ವಾಣದ ಬಗ್ಗೆ ಬೇರೆ ಯಾವ ಸಂದೇಹವೂ ಇರಲಿಲ್ಲ. "ತೀರ್ಥಹಳ್ಳೀಲಿ ನನ್ ತಮ್ಮ ಇದಾನಲ್ಲ, ಅಲ್ಲೊಬ್ಬ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ," ಎಂದು ಗಿರಿಜಕ್ಕನಿಗೆ ಹೇಳಿ, ಇವರ ಊಟದ ಜವಾಬ್ದಾರಿ ಅವಳಿಗೆ ವಹಿಸಿ ಹೊರಟೆ. ಹೊರಡುವಾಗ ಇವರಿಗೂ "ಬರ್ತೀನಿ" ಎಂದೆ. ಉತ್ತರ ಏನೆಂದು ಹೇಳಬೇಕಾಗಿಲ್ಲವಲ್ಲ.

ತೀರ್ಥಹಳ್ಳಿಯಲ್ಲಿ ಡಾಕ್ಟರು ನೋಡಿದರು. ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು. ಅವರು ಏನು ಹೇಳಿದರು ಎನ್ನುವುದನ್ನು ಸದ್ಯಕ್ಕೆ ನಿಮಗೆ ಹೇಳುವುದಿಲ್ಲ. ಕೇಳಬೇಕಾದವರು ಇನ್ನೂ ಕೇಳಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿ ಬಿಟ್ಟೆ. ನಗರ, ಹೊಸನಗರ ದಾಟಿ ಸಾಗರಕ್ಕೆ ಬರುವ ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರುವ ಜಾಗಕ್ಕಿಂತ ಇಲ್ಲದ ಜಾಗವೇ ಹೆಚ್ಚು. ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದ ಹೊತ್ತಿಗೆ ಸಾಗರದಲ್ಲಿ ಏನೇನು ನಡೆಯಿತು ಎನ್ನುವುದನ್ನು ಆಮೇಲೆ ಗಿರಿಜಕ್ಕ, ಇವರು, ಎದುರುಮನೆಯ ಟೀಚರಮ್ಮ ಮೂವರೂ ಬೇರೆಬೇರೆ ಹೇಳಿದ್ದನ್ನು ಜೋಡಿಸಿ ಹೇಳುತ್ತೇನೆ.

ಬೆಳಿಗ್ಗೆ ಗಿರಿಜಕ್ಕ ಡಬ್ಬಿಯಲ್ಲಿ ಕಡುಬು ಕಳಿಸಿದ್ದಳು. ಇವರು ಅಷ್ಟನ್ನೂ ತಿಂದರು. ಶಿಬಿರದಲ್ಲಿ ಹಸಿವಿನ ಬಗ್ಗೆ ಏನೂ ನಿಷೇಧ ಇರಲಿಲ್ಲ. ತಿಂದ ಮೇಲೆ, ಯಾರದ್ದನ್ನೂ ಇಟ್ಟುಕೊಳ್ಳಬಾರದು ಎಂಬ ಪಾಠ ನೆನಪಾಗಿ, ಜೀವಮಾನದಲ್ಲೇ ಮೊದಲ ಸಲ ಡಬ್ಬಿಯನ್ನು ತಾವೇ ತೊಳೆದರು. ಚೆನ್ನಾಗಿ ಒರೆಸಿದರು. ಮುಚ್ಚಳ ಹಾಕಿದರು. ಬಿಳಿ ಪಂಚೆ, ಬಿಳಿ ಅಂಗಿ, ಬರಿಗಾಲಿನಲ್ಲಿ ಗಿರಿಜಕ್ಕನ ಗೇಟಿಗೆ ಹೋಗಿ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಿಂತರು.

ಗಿರಿಜಕ್ಕ ತೆಗೆದುಕೊಂಡಳು. ಕೈಗೆ ಹಗುರವಾಯಿತು. ಮುಚ್ಚಳ ತೆಗೆದಳು, ತಳ ಕಂಡಿತು.

"ಅಣ್ಣಾ, ಸರೋಜಾ ಎಲ್ಲಿ?" ಎಂದಳು.

ಇವರು ಕಣ್ಣು ಮುಚ್ಚಿ ನಿಧಾನವಾಗಿ ಬೆರಳೆತ್ತಿ ಆಕಾಶ ತೋರಿಸಿದರು. ಕೈಮುಗಿದು ಮನೆಗೆ ಹೋದರು.

ಗಿರಿಜಕ್ಕನದು ತಪ್ಪು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಎದೆ ನೋವು ಎಂದು ಹೋದವಳು, ಖಾಲಿ ಬಂದ ಡಬ್ಬಿ, ಬಿಳಿ ಬಟ್ಟೆಯ ಗಂಡ, ಮೇಲಕ್ಕೆತ್ತಿದ ಬೆರಳು. ಇನ್ನೇನು ಬೇಕು? ಆದರೂ ಅವಳು ನನಗೆ ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಫೋನಿನೊಳಗಿನ ಹೆಂಗಸು ಹೇಳಿದಳು. ನಿರ್ವಾಣ ಹೊಂದಿದವರ ಬಗ್ಗೆ ಇದಕ್ಕಿಂತ ಖಚಿತವಾಗಿ ಗುರುಗಳೂ ಹೇಳಿರಲಿಲ್ಲ. ಗಿರಿಜಕ್ಕ ಡಬ್ಬಿಯನ್ನು ಸೆರಗಿನಲ್ಲಿ ಅವುಚಿಕೊಂಡು ಬೊಬ್ಬೆ ಹಾ‌ಕುತ್ತಾ ನಮ್ಮ ಮನೆಗೆ ಓಡಿದಳು.

"ಅಯ್ಯೋ ಅಣ್ಣಾ, ಸರೋಜಾ ಹೋದ್ಲಲ್ಲೋ! ಹೀಂಗಾಗ್ಬೋದಾ! ನಿನ್ನೆ ತಾನೇ ಬರ್ತೀನಿ ಅಂತ ಹೇಳಿ ಹೋದ್ಲಲ್ಲೋ!"

ಇನ್ನು ಇವರ ಕಡೆಯಿಂದ ನೋಡಿ. ಇವರ ಫೋನು ಎಷ್ಟೋ ದಿನದಿಂದ ಬಂದ್ ಆಗಿ ಕಪಾಟಿನೊಳಗಿದೆ. ಹೆಂಡತಿ ಎದೆ ನೋವು ಎಂದು ಹೋಗಿದ್ದಾಳೆ. ಪಕ್ಕದ ಮನೆಯವಳು ಅಳುತ್ತಾ ಓಡಿ ಬಂದು ಹೋದ್ಲಲ್ಲ ಎನ್ನುತ್ತಿದ್ದಾಳೆ. ತೀರ್ಥಹಳ್ಳಿಯಿಂದ ಸುದ್ದಿ ಅವಳಿಗೆ ಬಂದಿದೆ ಎಂದು ಇವರು ತಿಳಿದರು. ಇವರೇ ಕೊಟ್ಟ ಸುದ್ದಿ ಅದು ಎನ್ನುವುದು ಇವರಿಗೆ ಹೇಗೆ ತಿಳಿಯಬೇಕು? ಖಾಲಿ ಡಬ್ಬಿಯಿಂದ ಹೊರಟ ಸಾವು ಗೋಡೆ ಸುತ್ತಿಕೊಂಡು ಬಂದು ಮತ್ತೆ ಇವರ ಬಾಗಿಲನ್ನೇ ತಟ್ಟಿತ್ತು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅಂದರಂತೆ. ಇಲ್ಲಿ ಇಲಿಯೂ ಇರಲಿಲ್ಲ. ಟೀಚರಮ್ಮ ಬಂದರು, ಹಿಂದಿನ ಬೀದಿಯವರು ಬಂದರು. ಯಾರೋ ಅಂಗಳಕ್ಕೆ ಕುರ್ಚಿ ತಂದು ಹಾಕಿದರು. ಎಲ್ಲಿಗೆ ತರ್ತಾರಂತೆ, ಎಷ್ಟೊತ್ತಿಗಂತೆ ಎಂದು ಗುಸುಗುಸು ನಡೆಯಿತು.

ಅಷ್ಟು ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಬಂದು ಗೇಟಿನ ಹತ್ತಿರ ಇಳಿದೆ. ಇಳಿದವಳಿಗೆ ಮೊದಲು ಕಂಡದ್ದು ಬಾಗಿಲ ಮುಂದಿನ ಚಪ್ಪಲಿಗಳು. ನಮ್ಮ ಮನೆಯ ಮುಂದೆ ಅಷ್ಟು ಚಪ್ಪಲಿ ಗೃಹಪ್ರವೇಶದ ದಿನ ಬಿಟ್ಟರೆ ಯಾವತ್ತೂ ಬಿದ್ದದ್ದಿಲ್ಲ. ಒಳಗಿನಿಂದ ಗಿರಿಜಕ್ಕ ಅಳುವುದು ಕೇಳಿಸಿತು. ಇವರ ದನಿ ಮಾತ್ರ ಇಲ್ಲ.

ಇವರು ಹೋದರು ಎಂದುಕೊಂಡೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಆಟೋದವನು ಚಿಲ್ಲರೆ ಹಿಡಿದುಕೊಂಡು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಆ ಹೊತ್ತಿನಲ್ಲಿ ನನಗೆ ಬೇಸರವೂ ಇರಲಿಲ್ಲ, ದುಃಖವೂ ಇರಲಿಲ್ಲ, ಎದೆ ಉರಿಯಂತೂ ಇರಲೇ ಇಲ್ಲ. ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗುರುಗಳು ವರ್ಣಿಸಿದ ಲಕ್ಷಣಗಳೆಲ್ಲ ಒಂದೂ ಬಿಡದೆ ಕೂಡಿಬಂದಿದ್ದವು. ಅಂಥ ಸ್ಥಿತಿ ನನ್ನ ಶತ್ರುವಿಗೂ ಬೇಡ.

ಆಗ ಅಂಗಳದ ಕುರ್ಚಿಯಲ್ಲಿದ್ದ ಟೀಚರಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಅವರು ಕಿರುಚಿದ್ದು ಕೇಳಿ ಒಳಗಿದ್ದವರೆಲ್ಲ ಹೊರಗೆ ಬಂದರು. ಗಿರಿಜಕ್ಕ ಮೆಟ್ಟಿಲಿಳಿದು ಬಂದವಳು ನನ್ನ ಭುಜಕ್ಕೆ, ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿದಳು. ಒಂದು ಕೈಯಲ್ಲಿ ಡಬ್ಬಿ ಇತ್ತು, ಅದರ ಪೆಟ್ಟೂ ಬಿತ್ತು.

"ಸತ್ತಿಲ್ವೇನೇ ನೀನು? ಸತ್ತಿಲ್ವಾ? ಒಂದು ಫೋನ್ ಮಾಡಕ್ಕೆ ಎಂಥ ಆಗಿತ್ತೇ ನಿಂಗೆ!"

ಸತ್ತಿಲ್ಲದ್ದಕ್ಕೆ ಅಷ್ಟು ಬೈಗುಳ ತಿಂದವಳು ಸಾಗರ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬೈಯುತ್ತಲೇ ನನ್ನನ್ನು ತಬ್ಬಿಕೊಂಡಳು. ನಾನು ಅವಳ ಹೆಗಲ ಮೇಲಿಂದ, "ಇವರೆಲ್ಲಿ?" ಎಂದೆ. ಯಾರೋ ಹಿತ್ತಲ ಕಡೆ ಕೈ ತೋರಿಸಿದರು.

ಇವರು ಹಿತ್ತಲಿನಲ್ಲಿ ಬಾವಿಯ ಸುತ್ತ ಸುತ್ತುತ್ತಿದ್ದರು. ಯಾರು ಹಿಡಿದರೂ ನಿಂತಿರಲಿಲ್ಲವಂತೆ, ಸುದ್ದಿ ಕೇಳಿದಾಗಿನಿಂದ ಒಂದೇ ಸಮ ಸುತ್ತುವುದೇ. ಅಂಗಿಯ ಗುಂಡಿ ಅಡ್ಡಾದಿಡ್ಡಿ ಬಿಚ್ಚಿಕೊಂಡಿತ್ತು. ಕೈಯಲ್ಲಿ ಚಾರ್ಜಿಲ್ಲದ ಫೋನು, ಅದೂ ತಲೆಕೆಳಗಾಗಿ. ಅದರ ಬಟನ್ನು ಒತ್ತುತ್ತಾ ಒತ್ತುತ್ತಾ ಓಡುತ್ತಿದ್ದರು. ಲೋಡು ಹೋದ ಯಂತ್ರ ಹೇಗಿರುತ್ತದೆ ಎಂದು ನಾಗರಾಜಣ್ಣ ಹೇಳಿದ್ದು ಎಷ್ಟು ಸರಿ ಎಂದು ನಾನು ಕಣ್ಣಾರೆ ಕಂಡೆ. ಬಾವಿ ಸುತ್ತಿ ಈ ಕಡೆ ತಿರುಗಿದವರು ನನ್ನನ್ನು ಕಂಡು ನಿಂತರು. ಫೋನು ಕೈಯಿಂದ ಜಾರಿತು.

ಹಿಂದೆ ಅಷ್ಟೂ ಜನ ಬಂದು ನಿಂತಿದ್ದರು. ಅಮಾವಾಸ್ಯೆಗೆ ಇನ್ನೂ ದಿನವಿತ್ತು. ಇವರು ಬಾಯಿ ತೆರೆದರು. ಟರ್ಬೈನಿನ ಮೇಲೆ ಕೂಗಿ ಕೂಗಿ ಬೆಳೆದ ಆ ಗಂಟಲಿನಿಂದ ಪಿಸುಮಾತಿನಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

"ಡಾಕ್ಟ್ರು ಎಂಥ ಅಂದ್ರು?"

ಸತ್ತವಳ ಹತ್ತಿರ ಕೇಳುವ ಪ್ರಶ್ನೆಯೇ ಅದು? ಆದರೆ ನಾನು ಅಷ್ಟು ದಿನದಿಂದ ಕಾದಿದ್ದು ಆ ಪ್ರಶ್ನೆಗೇ.

"ಏನೂ ಇಲ್ಲ ಅಂದ್ರು," ಎಂದೆ. "ಬರೀ ಗ್ಯಾಸಂತೆ. ಎದೇಲಿ ಏನೂ ಇಲ್ವಂತೆ."

"ಏನೂ ಇಲ್ವಂತಾ?"

"ಏನೂ ಇಲ್ಲ."

ಏನೂ ಇಲ್ಲ, ಏನೂ ಇಲ್ಲ ಎಂದು ಅದನ್ನೇ ಹೇಳಿಕೊಳ್ಳುತ್ತಾ ಇವರು ಬಾವಿಕಟ್ಟೆಯ ಮೇಲೆ ಕುಸಿದು ಕುಳಿತು ಅಳಲು ಶುರುಮಾಡಿದರು. ಅಷ್ಟರಲ್ಲಿ ಗಂಟಲಿಗೆ ಹಳೆಯ ಶಕ್ತಿ ಮರಳಿತ್ತು. ಏನೂ ಇಲ್ಲ ಎಂಬ ಆ ಸಂತೋಷದ ಅಳು ಹಿಂದಿನ ಬೀದಿಗೂ ಕೇಳಿಸಿರಬೇಕು, ಇನ್ನೂ ನಾಲ್ಕು ಜನ ಓಡಿಬಂದರು. ಬಂದವರೆಲ್ಲರಿಗೂ ನಾನೇ ಕಾಫಿ ಮಾಡಿಕೊಟ್ಟೆ. ಸಾವಿಗೆ ಬಂದವರಿಗೆ ಸತ್ತವಳೇ ಸಕ್ಕರೆ ಸಾಕಾ ಎಂದು ಕೇಳಿದ್ದಾಯಿತು.

ಮಧ್ಯಾಹ್ನದ ಮೇಲೆ ಜನ ಕರಗಿದ ನಂತರ ವಿಚಾರಣೆ ನಡೆಯಿತು. ಇವರು ಸ್ವಲ್ಪ ಚೇತರಿಸಿಕೊಂಡು ವಾದ ಹೂಡಿದರು. "ಖಾಲಿ ಅಂತ ಯಾಕೆ ತಿಳ್ಕೋಬೇಕು? ನಾನು ಕೊಟ್ಟಿದ್ದು ಶೂನ್ಯ. ಶೂನ್ಯ ಅಂದ್ರೆ ಪೂರ್ಣನೇ ಅಲ್ದ?"

"ಪೂರ್ಣ ಆದ್ರೆ ಮುಚ್ಚಳ ಯಾಕೆ ಹಾಕಿ ಕೊಟ್ರಿ? ಚೆಲ್ಲಿ ಹೋಗ್ತದೆ ಅಂತನಾ?" ಎಂದಳು ಗಿರಿಜಕ್ಕ. ಅವಳ ಮೂಗು ಇನ್ನೂ ಕೆಂಪಗಿತ್ತು. ಆಮೇಲೆ ಡಬ್ಬಿಯ ಮೇಲಿನ 'ನಾ' ಅಕ್ಷರವನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ, "ಅಣ್ಣಾ, ಇದು ನಮ್ಮನೆಯಿಂದ ಖಾಲಿ ಬಂದಿದ್ದು ಯಾವತ್ತು ಅಂತ ನಿಮಗೆ ಗೊತ್ತಿಲ್ವಾ?" ಎಂದಳು.

ಇವರು ಅಕ್ಷರವನ್ನು ನೋಡಿದರು. ಈ ಸಲ ಆಕಾಶ ತೋರಿಸಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದು ಕೇಳಿ ಎದ್ದು ಬಂದರೆ ಇವರು ಅವಲಕ್ಕಿ ಕಲಸುತ್ತಿದ್ದರು. ನಾಗರಾಜಣ್ಣ ಹೋದ ಮೇಲೆ ಮೊದಲ ಸಲ. ಕಾಯಿತುರಿ, ಈರುಳ್ಳಿ, ಉಪ್ಪಿನಕಾಯಿಯ ರಸ, ಎಲ್ಲ ಆ ಹಳೆಯ ಅಳತೆ. ಇಬ್ಬರ ಪಾಳಿಯ ಅಳತೆಯಾದ್ದರಿಂದ ಡಬ್ಬಿಯಲ್ಲಿ ಹಿಡಿಯಲಿಲ್ಲ, ಒತ್ತಿ ಒತ್ತಿ ತುಂಬಿದರು. ಮುಚ್ಚಳ ಕೂರಲಿಲ್ಲ. ಒಂದು ಕೈಯಲ್ಲಿ ಮುಚ್ಚಳವನ್ನು ಒತ್ತಿ ಹಿಡಿದುಕೊಂಡು ಗಿರಿಜಕ್ಕನ ಗೇಟಿಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಗಿರಿಜಕ್ಕನ ದನಿ ಕೇಳಿಸಿತು.

"ಉಪ್ಪು ಜಾಸ್ತಿ ಆಯ್ತು ಅಣ್ಣಾ. ನಿಮ್ಮ ಗೆಳೆಯರೂ ಹೀಂಗೇ ಹೇಳ್ತಿದ್ರು."

ಶಿಬಿರಕ್ಕೆ ಇವರು ಮತ್ತೆ ಹೋಗಲಿಲ್ಲ. ಹಾಗಂತ ಬಿಟ್ಟೂ ಇಲ್ಲ. ಈಗಲೂ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತಾರೆ, ನಾನು ಪಾತ್ರೆ ಸದ್ದು ಮಾಡದೆ ಓಡಾಡುತ್ತೇನೆ. ನಡುವೆ ಒಮ್ಮೆ ಒಂದು ಕಣ್ಣು ತೆರೆದು ನಾನು ಎಲ್ಲಿದ್ದೇನೆ ಎಂದು ನೋಡಿ ಮುಚ್ಚಿಕೊಳ್ಳುತ್ತಾರೆ. ಅದು ನನಗೆ ಗೊತ್ತಿಲ್ಲ ಎಂದು ಅವರ ನಂಬಿಕೆ.

ಇಷ್ಟು ಬರೆಯುವಷ್ಟರಲ್ಲಿ ಇವರೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಪೇಟೆಗೆ ಹೊರಟಿದ್ದಾರೆ. "ಡಬ್ಬಿ ಕೊಟ್ಟು ಹೋಗ್ಲಾ?" ಎಂದು ಕೇಳಿದರು. "ತಡೀರಿ, ಏನು ಹಾಕದು ಅಂತ ಯೋಚ್ನೆ ಮಾಡ್ತಿದೀನಿ. ಮನೇಲಿ ಏನೂ ಇಲ್ಲ," ಎಂದೆ. ಇವರು ಒಳಗೆ ಬಂದು ಡಬ್ಬಿ ಎತ್ತಿದರು. ಮುಚ್ಚಳ ತೆಗೆದು ತಳ ನೋಡಿ, ತಟ್ಟನೆ ಮುಚ್ಚಿ, ಮತ್ತೆ ನನ್ನೆದುರಿಗೇ ಇಟ್ಟರು.

"ಏನಾದ್ರೂ ಹಾಕು ಮಾರಾಯ್ತಿ," ಎಂದರು. "ಇನ್ನೊಂದ್ಸಲ ನನ್ನ ಕೈಲಾಗಲ್ಲ."